ಪ್ರೊಡ್ಯೂಸರ್ 16 ಬಾರ್ ಕತ್ತರಿಸಿದ್ರು, ಬ್ಯಾಂಡ್ ಎರಡು ಹೋಳಾಯ್ತು

ಮಂದ್ರತಂತಿ

ಇಷ್ಟು ದಿನ ಇಲ್ಲಿ ಬರೀ ಓದ್ಕೊಂಡು ಹೋಗ್ತಿದ್ದೆ. ಮೊದಲ ಸಲ ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ, ಸಹಿಸ್ಕೊಳ್ಳಿ.

ನಾವು ನಾಲ್ಕು ಜನ. ಹಾಡೋಳು, ಗಿಟಾರ್‌ನವನು, ಡ್ರಮ್ಮರ್, ನಾನು ಬೇಸ್. ಆರು ವರ್ಷದಿಂದ ಒಟ್ಟಿಗಿದೀವಿ. ಇಲ್ಲಿವರೆಗೂ ನಾವೇ ರೆಕಾರ್ಡ್ ಮಾಡಿ, ನಾವೇ ಮಿಕ್ಸ್ ಮಾಡಿ ಹಾಕ್ತಿದ್ವಿ. ಈ ಸಲ ಮೊದಲ ಬಾರಿಗೆ ಹೊರಗಿನ ಪ್ರೊಡ್ಯೂಸರ್ ಹತ್ರ ಹೋದ್ವಿ. ಹೆಸರು ಬೇಡ. ಕೆಲಸ ಗೊತ್ತಿರೋ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ.

ಹಾಡು ಮೂಲದಲ್ಲಿ 92 ಬಿಪಿಎಂ (ಅಂದ್ರೆ ನಿಮಿಷಕ್ಕೆ 92 ಎಣಿಕೆ), ನಾಲ್ಕೆಣಿಕೆಗೆ ಒಂದರಂತೆ 112 ಬಾರ್, ಒಟ್ಟು 4 ನಿಮಿಷ 52 ಸೆಕೆಂಡ್. ಶುರುವಿಗೆ ಗಿಟಾರ್ ಒಂದೇ 16 ಬಾರ್ ಇರ್ತಿತ್ತು. ಹಾಡೋಳು ಬಾಯಿ ತೆಗೆಯೋ ಹೊತ್ತಿಗೆ 42 ಸೆಕೆಂಡ್ ಕಳೆದಿರ್ತಿತ್ತು. ಮೊದಲ ದಿನ ಪ್ರೊಡ್ಯೂಸರ್ ಕಣ್ಮುಚ್ಚಿ ಪೂರ್ತಿ ಕೇಳಿದ್ರು, ಮುಗಿದ ಮೇಲೆ ಕೇಳಿದ್ದು ಇಷ್ಟೇ: "ದನಿ ಎಲ್ಲಿ?" ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದ್ರೆ ತಾನೇ ಒಂದು ಪ್ಲೇ ಅಂತ ಲೆಕ್ಕ, ನಿಮ್ಮ ಹಾಡಲ್ಲಿ ಅಷ್ಟೊತ್ತಿಗೆ ಇನ್ನೂ ಶ್ರುತಿ ಮಾಡ್ಕೊಳ್ತಿದ್ದಂಗಿದೆ ಅಂದ್ರು. ಗಿಟಾರ್‌ನವನೂ ಸೇರಿ ಎಲ್ಲರೂ ನಕ್ವಿ. ಶುರುವನ್ನ 4 ಬಾರ್‌ಗೆ ಇಳಿಸೋಣ, ವೇಗ 104ಕ್ಕೆ ಏರಿಸೋಣ ಅಂತ ನಾಲ್ಕೂ ಜನ ಒಪ್ಪಿದ್ವಿ. ಕ್ಲಿಕ್ (ವೇಗ ಹಿಡಿದಿಡೋ ಟಿಕ್‌ಟಿಕ್ ಸದ್ದು) ಹಾಕ್ಕೊಂಡು ಹೊಸದಾಗಿ ನುಡಿಸಿದ್ವಿ. ಅಲ್ಲಿಗೆ ಹಾಡು 3 ನಿಮಿಷ 51 ಸೆಕೆಂಡ್.

ಎರಡು ವಾರ ಬಿಟ್ಟು ಗ್ರೂಪ್‌ಗೆ ಫೈಲ್ ಬಂತು. 3 ನಿಮಿಷ 14.

ಡ್ರಮ್ಮರ್ ಕೇಳೋಕೂ ಮುಂಚೆ ಆ ಸಂಖ್ಯೆ ನೋಡಿ "37 ಸೆಕೆಂಡ್ ಎಲ್ಲಿ ಹೋಯ್ತು?" ಅಂತ ಬರೆದ. ಎರಡನೇ ಪಲ್ಲವಿ ಆದ ಮೇಲೆ ಬರೋ ಗಿಟಾರ್ ಇಂಟರ್‌ಲ್ಯೂಡ್ (ಹಾಡಿನ ನಡುವಿನ ವಾದ್ಯಭಾಗ), 16 ಬಾರ್, ಇಡಿಯಾಗಿ ಮಾಯ. ನಿಮಗೆ ಒಂದು ವಿಷಯ ಗೊತ್ತಿರ್ಬೇಕು: ಈ ಹಾಡು ಹುಟ್ಟಿದ್ದೇ ಆ 16 ಬಾರ್‌ನಿಂದ. ಸಾಹಿತ್ಯ ಇರ್ಲಿಲ್ಲ, ರಾಗ ಇರ್ಲಿಲ್ಲ, ಬ್ಯಾಂಡಿಗೆ ಹೆಸರೂ ಇರ್ಲಿಲ್ಲ. ಅವನು ಕೆಳಗಿನ ತಂತಿಯನ್ನ ಖಾಲಿ ಬಿಟ್ಟು ತಂಬೂರಿ ಥರ ಮೀಟ್ತಾ, ಮೇಲಿನ ತಂತಿಯಲ್ಲಿ ಏನೋ ಹುಡುಕ್ತಿದ್ದ. ನಾವು ಉಳಿದವರು ಅದರ ಸುತ್ತ ಒಂದು ಹಾಡು ಕಟ್ಟಿದ್ವಿ.

ಎರಡನೇದು ಡ್ರಮ್ಸ್. ಕಿಕ್ (ಕಾಲಲ್ಲಿ ಹೊಡೆಯೋ ದೊಡ್ಡ ಡ್ರಮ್), ಸ್ನೇರ್ (ಮುಂದಿರೋ ಚಿಕ್ಕ ಡ್ರಮ್) ಎರಡನ್ನೂ ಸ್ಯಾಂಪಲ್‌ಗೆ, ಅಂದ್ರೆ ಮೊದಲೇ ರೆಕಾರ್ಡ್ ಮಾಡಿಟ್ಟ ಸದ್ದಿಗೆ, ಬದಲಾಯಿಸಿದಾರೆ. ದಪ್ಪವಾಗಿದೆ, ಗಟ್ಟಿಯಾಗಿದೆ. ಎಲ್ಲ ಪೆಟ್ಟೂ ಗ್ರಿಡ್ ಮೇಲೆ, ಗಡಿಯಾರದಂಗೆ ಕರಾರುವಾಕ್ಕಾಗಿ ಕೂತಿದೆ.

ಈಗಿನ ಸ್ಥಿತಿ: ಹಾಡೋಳಿಗೆ ಇದು ನಮ್ಮ ಇಷ್ಟೂ ವರ್ಷದ ಅತ್ಯುತ್ತಮ ಕೆಲಸ. ಗಿಟಾರ್‌ನವನು, ಇಂಟರ್‌ಲ್ಯೂಡ್ ವಾಪಸ್ ಬರ್ಬೇಕು ಇಲ್ಲಾಂದ್ರೆ ನನ್ನ ಹೆಸರು ತೆಗೀರಿ ಅಂತ. ಡ್ರಮ್ಮರ್ ಎರಡು ಪ್ರಾಕ್ಟೀಸ್‌ಗೆ ಬಂದಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ. ನಾನು ನೊಗ.

ನಿಜ ಹೇಳ್ಬೇಕಂದ್ರೆ ನನಗೆ ಹೊಸದು ಇಷ್ಟವಾಗಿದೆ. ಕತ್ತರಿಸಿದ ಜಾಗ ಎಷ್ಟು ನಯವಾಗಿದೆ ಅಂದ್ರೆ, ಪಲ್ಲವಿ ಮುಗೀತಿದ್ದಂಗೆ ಬೇಸ್ ಕೆಳಗಿಂದ ಜಾರಿಕೊಂಡು ಬಂದು ನೇರ ಮುಂದಿನ ಚರಣದ ಮೇಲೆ ಕೂರುತ್ತೆ. ಅಲ್ಲೊಂದು ಇಂಟರ್‌ಲ್ಯೂಡ್ ಇತ್ತು ಅಂತ ಹೊಸಬರಿಗೆ ಅನುಮಾನಾನೂ ಬರಲ್ಲ. ಆದ್ರೆ ಇದನ್ನ ಅವರಿಬ್ಬರ ಮುಂದೆ ಹೇಳೋಕೆ ಬಾಯಿ ಬರ್ತಿಲ್ಲ. ಎರಡು ಆವೃತ್ತಿ ಬಿಡೋಣ ಅಂದೆ, ಯಾರಿಗೂ ಬೇಡ. ಇಂಥದ್ದನ್ನ ದಾಟಿ ಬಂದವರು ಇದ್ರೆ ಹೇಳಿ.

ಎಡಗೈಪೆಟ್ಟು

ತಮ್ಮಾ, ನಾನು ಹತ್ತೊಂಬತ್ತು ವರ್ಷ ಡ್ರಮ್ಸ್ ನುಡಿಸಿದವನು. ಗಿಟಾರ್‌ನವನ ವಿಷಯ ಬೇರೆಯವರು ಹೇಳ್ಲಿ, ನಾನು ಡ್ರಮ್ಮರ್ ಬಗ್ಗೆ ಮಾತ್ರ ಬರೀತೀನಿ. ನೀನು ಅವನಿಗೆ ಎರಡೇ ಸಾಲು ಕೊಟ್ಟಿದೀಯ, ಅದೇ ಎದ್ದು ಕಾಣ್ತಿದೆ.

ಒಂದು ಕೆಲಸ ಮಾಡು. ಮೂಲ ಟ್ರ್ಯಾಕ್‌ಗಳಲ್ಲಿ ಸ್ನೇರ್ ಒಂದನ್ನೇ ಸೋಲೋ ಮಾಡಿ ಚರಣದ ನಾಲ್ಕು ಬಾರ್ ಕೇಳು. ಎರಡು, ನಾಲ್ಕನೇ ಎಣಿಕೆಗೆ ದೊಡ್ಡ ಪೆಟ್ಟು ಬೀಳುತ್ತೆ. ಅದನ್ನ ಯಾರು ಬೇಕಾದ್ರೂ ಹೊಡೀಬಹುದು. ಆ ಪೆಟ್ಟುಗಳ ನಡುವೆ ಎಡಗೈ ಕೋಲನ್ನ ಚರ್ಮದಿಂದ ಎರಡು ಬೆರಳಿನಷ್ಟೂ ಎತ್ತದೆ ಮೆಲ್ಲಗೆ ಉದುರಿಸ್ತಿರುತ್ತೆ. ಘೋಸ್ಟ್ ನೋಟ್ ಅಂತೀವಿ. ಕೇಳಿಸಿಯೂ ಕೇಳಿಸದಂಗೆ ಇರ್ಬೇಕು. ಹಾಡು ನಡೆಯೋದು ಅದರ ಮೇಲೆ.

ಸ್ಯಾಂಪಲ್ ಹಾಕೋ ಸಾಫ್ಟ್‌ವೇರ್ ಒಂದು ಮಟ್ಟದ ಮೇಲಿನ ಪೆಟ್ಟು ಬಂದಾಗ ಮಾತ್ರ ಹೊಸ ಸದ್ದು ಹೊಡೆಯುತ್ತೆ. ಮೆಲ್ಲನೆ ಪೆಟ್ಟು ಆ ಮಟ್ಟ ಮುಟ್ಟಲ್ಲ. ಮೂಲ ಸ್ನೇರ್ ಮ್ಯೂಟ್ ಮಾಡಿದ್ರೆ ಆಯ್ತು, ಎಡಗೈ ಕೆಲಸ ಅಷ್ಟೂ ಕಸದ ಬುಟ್ಟಿಗೆ. ನಿನಗೆ "ದಪ್ಪ, ಗಟ್ಟಿ" ಅಂತ ಕೇಳಿಸಿದ್ದು ಅವನಿಗೆ ತನ್ನ ಅರ್ಧ ಕೈ ಇಲ್ಲದಂಗೆ ಕೇಳಿಸಿರುತ್ತೆ. ಬೇಸ್ ನುಡಿಸೋನು ನೀನು, ಆ ಸಣ್ಣ ಪೆಟ್ಟುಗಳಿಗೆ ಒರಗಿಕೊಂಡೇ ತಾನೇ ನುಡಿಸಿದ್ದು? ಮೊದಲು ಗಮನಿಸ್ಬೇಕಾಗಿದ್ದೋನು ನೀನು.

ನನಗೂ ಆಗಿದೆ. ನನ್ನ ಟ್ರ್ಯಾಕ್ ಪೂರ್ತಿ ಬದಲಾಯಿಸಿದ್ರು, ಹಾಡು ಬಿಡುಗಡೆ ಆದ ದಿನ ನಾನು ಎಲ್ಲರ ಜೊತೆಗೇ ಕೇಳಿದೆ. ಜನ ಬಂದು ಡ್ರಮ್ಸ್ ಸೂಪರ್ ಅಂತ ಬೆನ್ನು ತಟ್ಟಿದ್ರು. ಥ್ಯಾಂಕ್ಸ್ ಅಂದೆ. ಆಮೇಲೆ ಸ್ಟೇಜ್ ಮೇಲೆ ಅದೇ ಸದ್ದು ಬೇಕು ಅಂತ ಎಲೆಕ್ಟ್ರಾನಿಕ್ ಪ್ಯಾಡ್ ತಂದಿಟ್ರು. ಒಂದು ವರ್ಷ ಆ ರೆಕಾರ್ಡಿಂಗ್‌ನ ನಕಲು ನುಡಿಸಿ ಬಿಟ್ಟುಬಿಟ್ಟೆ. ಜಗಳ ಆಡ್ಲಿಲ್ಲ, ಪ್ರಾಕ್ಟೀಸ್‌ಗೆ ಹೋಗೋದು ನಿಲ್ಲಿಸಿದೆ. ನಿಮ್ಮವನು ಎರಡು ತಪ್ಪಿಸಿದಾನೆ ಅಂತ ಓದಿದಾಗ ಹೊಟ್ಟೆ ಚುರ್ ಅಂತು.

ಇದು ಹೊಸದೇನೂ ಅಲ್ಲ. 1962ರಲ್ಲಿ ರಿಂಗೋ ಸ್ಟಾರ್ ಬೀಟಲ್ಸ್ ಸೇರಿ ಇನ್ನೂ ತಿಂಗಳೂ ಆಗಿರ್ಲಿಲ್ಲ. 'ಲವ್ ಮಿ ಡು' ಹಾಡನ್ನ ಸೆಪ್ಟೆಂಬರ್ 4ಕ್ಕೆ ಅವನು ನುಡಿಸಿದ. ಪ್ರೊಡ್ಯೂಸರ್ ಕಡೆಯವರಿಗೆ ಒಪ್ಪಿಗೆ ಆಗ್ಲಿಲ್ಲ. 11ನೇ ತಾರೀಖು ಬಂದು ನೋಡಿದ್ರೆ ಆಂಡಿ ವೈಟ್ ಅನ್ನೋ ಸೆಷನ್ ಡ್ರಮ್ಮರ್ (ರೆಕಾರ್ಡಿಂಗ್‌ಗೆ ಅಂತ ಕರೆಸೋ ಹೊರಗಿನವನು) ಕೂತಿದಾನೆ. ರಿಂಗೋ ಕೈಗೆ ತಂಬೂರಿನ್ (ಲೋಹದ ಬಿಲ್ಲೆಗಳಿರೋ, ಕೈಯಲ್ಲಿ ಅಲ್ಲಾಡಿಸೋ ವಾದ್ಯ) ಕೊಟ್ರು. ಎರಡು ರೆಕಾರ್ಡಿಂಗ್ ಪಕ್ಕಪಕ್ಕ ಇಟ್ರೆ ಗುರುತು ಹಿಡಿಯೋದು ಸುಲಭ: ತಂಬೂರಿನ್ ಕೇಳಿಸ್ತಾ ಇದ್ರೆ ಡ್ರಮ್ಸ್ ರಿಂಗೋದಲ್ಲ. ಅವನಂಥವನಿಗೇ ಅದು ವರ್ಷಗಟ್ಟಲೆ ಕುಟುಕ್ತಿತ್ತು.

ಅಪಸ್ವರಾನಂದ

ಎಲ್ಲರೂ ಅಳ್ತಿದೀರಲ್ಲ, ನಾನೊಬ್ಬ ಪ್ರೊಡ್ಯೂಸರ್ ಪರ ನಿಲ್ತೀನಿ, ಕಲ್ಲು ಹೊಡೀರಿ.

ಪಿಂಕ್ ಫ್ಲಾಯ್ಡ್‌ನ 'ಅನದರ್ ಬ್ರಿಕ್ ಇನ್ ದ ವಾಲ್' ಎರಡನೇ ಭಾಗ, 1979. ಬ್ಯಾಂಡ್ ಕೊಟ್ಟಿದ್ದು ಒಂದು ಚರಣ, ಒಂದು ಪಲ್ಲವಿ, ಮುಗೀತು. ಪ್ರೊಡ್ಯೂಸರ್ ಬಾಬ್ ಎಜ್ರಿನ್ ಅದಕ್ಕೆ ಡಿಸ್ಕೋ ತಾಳ ಹಾಕಿಸಿದ. ಇನ್ನೊಂದು ಚರಣ ಕೊಡಿ ಅಂದ್ರೆ ಸಿಗ್ಲಿಲ್ಲ, ಇದ್ದದ್ದನ್ನೇ ಎರಡು ಸಲ ಅಂಟಿಸಿ, ಎರಡನೇ ಸಲಕ್ಕೆ ಶಾಲೆ ಮಕ್ಕಳ ಕೈಲಿ ಹಾಡಿಸಿದ. ಇವತ್ತು ಆ ಹಾಡು ಅಂದ್ರೆ ಮೊದಲು ನೆನಪಾಗೋದೇ ಆ ಮಕ್ಕಳ ದನಿ. ಹೊರಗಿನವನ ಕಿವಿಗೆ ನಮ್ಮ ಕಿವಿಗೆ ಕಾಣದ್ದು ಕಾಣುತ್ತೆ ಗುರುವೇ. (ಕಿವಿಗೆ ಕಾಣೋದು! ಇರ್ಲಿ ಬಿಡಿ.)

16 ಬಾರ್ ಖಾಲಿ ತಂತಿ ಮೀಟೋದು ಅವನಿಗೆ ಧ್ಯಾನ, ಕೇಳೋನಿಗೆ ಫೋನ್ ನೋಡೋ ಟೈಮು. ಹಾಡು ಹುಟ್ಟಿದ ಜಾಗ ಅನ್ನೋದು ಅಲ್ಲೇ ಉಳಿಸ್ಕೊಳ್ಳೋಕೆ ಕಾರಣ ಅಲ್ಲ. ಮನೆ ಕಟ್ಟಿದ ಮೇಲೆ ಸಾರವೆ ಬಿಚ್ಚಲ್ವಾ?

ಅಂದ ಹಾಗೆ, ಬೇಸ್‌ನೋರು ಯಾವಾಗ್ಲೂ ಪಾಪ ಅಂತ ಅಂದ್ಕೋಬೇಡಿ. 1986ರಲ್ಲಿ ಎಕ್ಸ್‌ಟಿಸಿ ಬ್ಯಾಂಡ್ 'ಸ್ಕೈಲಾರ್ಕಿಂಗ್' ಮಾಡುವಾಗ ಪ್ರೊಡ್ಯೂಸರ್ ಟಾಡ್ ರಂಡ್‌ಗ್ರೆನ್, ಇವರು ಬರೋಕೆ ಮುಂಚೆನೇ ಡೆಮೊ (ಕಚ್ಚಾ ರೆಕಾರ್ಡಿಂಗ್) ಕೇಳಿ ಯಾವ ಹಾಡು, ಯಾವ ಕ್ರಮ ಅಂತ ನಿರ್ಧಾರ ಮಾಡಿ ಇಟ್ಟಿದ್ದ. ಬ್ಯಾಂಡಿನ ಗಾಯಕ ಆಂಡಿ ಪಾರ್ಟ್ರಿಜ್‌ಗೂ ಅವನಿಗೂ ದಿನಾ ಹಾವು ಮುಂಗುಸಿ. ಕೊನೆಗೆ ನುಡಿಸ್ತಾ ನುಡಿಸ್ತಾ ಬ್ಯಾಂಡ್ ಬಿಟ್ಟು ಎದ್ದು ಹೋಗಿದ್ದು ಯಾರು? ಬೇಸ್ ನುಡಿಸೋ ಕಾಲಿನ್ ಮೋಲ್ಡಿಂಗ್. ವಾಪಸ್ ಬಂದ ಅನ್ನಿ. ಆಲ್ಬಮ್‌ನ ಈಗ ಅವರ ಅತ್ಯುತ್ತಮ ಕೆಲಸಗಳಲ್ಲಿ ಒಂದು ಅಂತಾರೆ.

ಫೇಡರ್_ಕೆಳಗಿಳಿಸಿ

ನಾನು ಮಿಕ್ಸಿಂಗ್ ಕಡೆಯವನು, ಈ ಜಗಳದಲ್ಲಿ ಸಾಮಾನ್ಯವಾಗಿ ಬೈಸ್ಕೊಳ್ಳೋ ಪಕ್ಷ. ಕೆಲಸದ ಮಾತು ಮೊದಲು ಹೇಳಿಬಿಡ್ತೀನಿ.

ನಿಮ್ಮ ಹಳೇ ರೆಕಾರ್ಡಿಂಗ್ ಮತ್ತು ಈ ಮಿಕ್ಸ್ ಎರಡನ್ನೂ ಒಂದೇ ಲೌಡ್‌ನೆಸ್‌ಗೆ ತಂದು ಕೇಳಿದೀರಾ? ಖಂಡಿತ ಇಲ್ಲ, ಯಾರೂ ಕೇಳಲ್ಲ. ಮನೇಲಿ ಮಾಡಿದ ಮಿಕ್ಸ್ -18 ಲಫ್ಸ್ (ಜೋರು ಅಳೆಯೋ ಮಾಪನ, ಸೊನ್ನೆಗೆ ಹತ್ರ ಬಂದಷ್ಟೂ ಜೋರು) ಆಸುಪಾಸು ಇರುತ್ತೆ, ಸ್ಟುಡಿಯೋದಿಂದ ಬಂದಿದ್ದು -9 ಇರುತ್ತೆ. ಒಂದೆರಡು ಡೆಸಿಬೆಲ್ ಜೋರಿದ್ರೇ ಸಾಕು, ಕಿವಿ ಅದನ್ನ "ಜೋರು" ಅನ್ನಲ್ಲ, "ಚೆನ್ನಾಗಿದೆ" ಅನ್ನುತ್ತೆ. ಹಾಡೋರಿಗೆ ಹೊಸದು ಇಷ್ಟ ಆಗಿರೋದ್ರಲ್ಲಿ ಎಷ್ಟು ಪಾಲು ಕೆಲಸದ್ದು, ಎಷ್ಟು ಪಾಲು ಆ ಒಂಬತ್ತು ಡೆಸಿಬೆಲ್‌ದು ಅಂತ ಮೊದಲು ನೋಡ್ಬೇಕು. ಸ್ಪಾಟಿಫೈ ಹೇಗೂ ಎರಡನ್ನೂ -14ರ ಹತ್ರಕ್ಕೆ ತಂದು ನುಡಿಸುತ್ತೆ, ಕೇಳುಗರ ಕಿವಿಗೆ ಆ ಜೋರು ತಲುಪೋದೇ ಇಲ್ಲ. ಹಾಗೇ ಇನ್ನೊಂದು ಕಡೆ, ಗಿಟಾರ್‌ನವರು ಆ ಡೆಮೊನ ನೂರಾರು ಸಲ ಕೇಳಿರ್ತಾರೆ. ಅಷ್ಟು ಸಲ ಕೇಳಿದ್ರೆ ಅದರಲ್ಲಿರೋ ತಪ್ಪೂ ರಾಗದ ಭಾಗ ಅನ್ನಿಸೋಕೆ ಶುರುವಾಗುತ್ತೆ.

ಡ್ರಮ್ಸ್ ವಿಷಯದಲ್ಲಿ ಎಡಗೈಪೆಟ್ಟು ಸರ್ ಹೇಳಿದ್ದು ನೂರಕ್ಕೆ ನೂರು. ಅದಕ್ಕೆ ಪರಿಹಾರ ಅರ್ಧ ಗಂಟೆ ಕೆಲಸ: ಸ್ಯಾಂಪಲ್ ಇರ್ಲಿ, ಅದರ ಅಡಿಯಲ್ಲಿ ಮೂಲ ಸ್ನೇರ್ ಮತ್ತು ಓವರ್‌ಹೆಡ್ (ಡ್ರಮ್ಸ್ ಮೇಲ್ಗಡೆ ಇಡೋ) ಮೈಕ್‌ಗಳನ್ನ ಏರಿಸಿ ಅಂತ ಕೇಳಿ. ದಪ್ಪವೂ ಉಳಿಯುತ್ತೆ, ಎಡಗೈಯೂ ವಾಪಸ್ ಬರುತ್ತೆ. ಗ್ರಿಡ್‌ಗೆ ಕೂರಿಸಿದ್ರೆ ಮೂಲವನ್ನೂ ಜೊತೆಗೇ ಸರಿಸ್ಬೇಕು, ಅದನ್ನೂ ಹೇಳಿ, ಇಲ್ಲಾಂದ್ರೆ ಎರಡೂ ಒಂದರ ಮೇಲೊಂದು ಎಡವುತ್ತವೆ.

ಇನ್ನು ನಿಮ್ಮ ನಿಜವಾದ ಪ್ರಶ್ನೆ. ಹೊರಗಿನವರು ಹಾಡು ಮುಟ್ಟಿದ್ರೆ ಬ್ಯಾಂಡ್ ಒಡೆಯುತ್ತೆ ಅನ್ನೋದು ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಸೈಮನ್ ಮತ್ತು ಗಾರ್ಫಂಕಲ್ ಅನ್ನೋ ಹಾಡುಗಾರ ಜೋಡಿ 1964ರಲ್ಲಿ 'ದಿ ಸೌಂಡ್ ಆಫ್ ಸೈಲೆನ್ಸ್' ಬರೀ ಗಿಟಾರ್ ಹಿಡಿದು ಹಾಡಿದ್ರು, ಆಲ್ಬಮ್ ಓಡ್ಲಿಲ್ಲ, ಇಬ್ಬರೂ ಬೇರೆ ಬೇರೆ ದಾರಿ ಹಿಡಿದ್ರು. 1965ರ ಜೂನ್‌ನಲ್ಲಿ ಪ್ರೊಡ್ಯೂಸರ್ ಟಾಮ್ ವಿಲ್ಸನ್ ಅವರಿಗೆ ಒಂದು ಮಾತೂ ಹೇಳದೆ ಅದೇ ಟೇಪ್ ಮೇಲೆ ಎಲೆಕ್ಟ್ರಿಕ್ ಗಿಟಾರ್, ಬೇಸ್, ಡ್ರಮ್ಸ್ ನುಡಿಸಿಸಿದ. 1966ರ ಜನವರಿಗೆ ಅಮೆರಿಕದಲ್ಲಿ ಅದು ಒಂದನೇ ಸ್ಥಾನ. ಇಂಗ್ಲೆಂಡಿನಲ್ಲಿದ್ದ ಸೈಮನ್ ಹೊರಟು ಬಂದ, ಜೋಡಿ ಮತ್ತೆ ಕೂಡಿತು. ಇದಕ್ಕಿಂತ ದೊಡ್ಡ ಕೈಹಾಕೋದು ಇದೆಯಾ? ಆದ್ರೆ ಗಮನಿಸಿ: ಇಬ್ಬರಿಗೂ ಗೊತ್ತಿರ್ಲಿಲ್ಲ. ಸಮನಾಗಿ ಗೊತ್ತಿರ್ಲಿಲ್ಲ.

ಈಗ ಬೀಟಲ್ಸ್‌ನ 'ದಿ ಲಾಂಗ್ ಅಂಡ್ ವೈಂಡಿಂಗ್ ರೋಡ್' ನೋಡಿ. 1970ರ ಏಪ್ರಿಲ್ 1ಕ್ಕೆ ಪ್ರೊಡ್ಯೂಸರ್ ಫಿಲ್ ಸ್ಪೆಕ್ಟರ್ ಅದರ ಮೇಲೆ ವಯಲಿನ್ ಸಮೂಹ, ಹಿತ್ತಾಳೆ ವಾದ್ಯ, ಹಾರ್ಪ್, ಹೆಂಗಸರ ಮೇಳ ಎಲ್ಲ ಸುರಿದ. ಬರೆದು ಹಾಡಿದ ಮೆಕಾರ್ಟ್ನಿಗೆ ಸುದ್ದಿಯೇ ಇಲ್ಲ. ಆದ್ರೆ ಅದೇ ದಿನ ಅದೇ ಕೋಣೆಯಲ್ಲಿ ರಿಂಗೋ ಕೂತು ಡ್ರಮ್ಸ್ ನುಡಿಸಿದ್ದ. ಲೆನನ್, ಹ್ಯಾರಿಸನ್ ಸ್ಪೆಕ್ಟರ್ ಪರ. ಏಪ್ರಿಲ್ 14ಕ್ಕೆ ಮೆಕಾರ್ಟ್ನಿ ಪತ್ರ ಬರೆದ, ವಯಲಿನ್ ಇಳಿಸಿ, ಹಾರ್ಪ್ ಪೂರ್ತಿ ತೆಗೀರಿ ಅಂತ. ಏನೂ ಬದಲಾಗ್ಲಿಲ್ಲ. ಪಾಲುದಾರಿಕೆ ಮುರಿಯೋಕೆ ಕೋರ್ಟಿಗೆ ಹೋದಾಗ ಇದನ್ನೂ ಒಂದು ಕಾರಣವಾಗಿ ಮುಂದಿಟ್ಟ. ಆ ಬ್ಯಾಂಡಿನಲ್ಲಿ ದುಡ್ಡಿನ ಜಗಳ ಅದಕ್ಕೂ ದೊಡ್ಡದಾಗಿತ್ತು, ಅದು ಬೇರೆ. ಆದ್ರೂ ನನಗೆ ಯಾವಾಗ್ಲೂ ಆ ವಯಲಿನ್‌ಗಿಂತ ರಿಂಗೋ ಅಲ್ಲಿ ಕೂತಿದ್ದೇ ಕಾಡೋದು.

ಅದಕ್ಕೇ ಒಂದು ಕೇಳ್ತೀನಿ, ತಪ್ಪು ತಿಳೀಬೇಡಿ. ಕತ್ತರಿಸಿದ ಜಾಗದಲ್ಲಿ ಬೇಸ್ ಕೆಳಗಿಂದ ಜಾರಿ ಬಂದು ಮುಂದಿನ ಚರಣದ ಮೇಲೆ ಕೂರುತ್ತೆ ಅಂದ್ರಿ. ನೀವೆಲ್ಲ ರೆಕಾರ್ಡ್ ಮಾಡುವಾಗ ಪಲ್ಲವಿ ಆದ ಮೇಲೆ ಇಂಟರ್‌ಲ್ಯೂಡ್ ಇತ್ತು. ಪಲ್ಲವಿಯಿಂದ ನೇರ ಚರಣಕ್ಕೆ ಹೋಗೋ ಜಾರು ಮೂಲ ಟ್ರ್ಯಾಕ್‌ನಲ್ಲಿ ಇರೋಕೆ ಸಾಧ್ಯವೇ ಇಲ್ಲ. ಅದನ್ನ ಯಾರು, ಯಾವತ್ತು ನುಡಿಸಿದ್ರು?

ಮಂದ್ರತಂತಿ

ಎರಡು ದಿನದಿಂದ ಈ ಪ್ರಶ್ನೆ ತೆರೆದು ಮುಚ್ಚಿ ಮಾಡ್ತಿದೀನಿ.

ನಾನೇ. ಪಲ್ಲವಿಯಲ್ಲಿ ಎರಡು ಬಾರ್ ಸರಿ ಬಂದಿಲ್ಲ, ಬಂದು ಹೋಗಿ ಅಂತ ಕರೆದಿದ್ರು. ಹಾಡೋಳೂ ಕೋರಸ್ ಪದರ ಹಾಡೋಕೆ ಬಂದಿದ್ಲು. ನನ್ನ ಕೆಲಸ ಹತ್ತು ನಿಮಿಷದಲ್ಲಿ ಮುಗೀತು. ಆಗ ಪ್ರೊಡ್ಯೂಸರ್ "ಒಂದು ನಿಮಿಷ, ಇದನ್ನ ಕೇಳಿ" ಅಂತ ಮೌಸ್‌ನಲ್ಲಿ ಆ 16 ಬಾರ್ ಎಳೆದು ಆಯ್ಕೆ ಮಾಡಿದ್ರು. ಪರದೆ ಮೇಲೆ ಅಷ್ಟು ಉದ್ದ ನೀಲಿಯಾಯ್ತು, ಒಂದು ಕೀ ಒತ್ತಿದ್ರು, ಬಲಗಡೆ ಇದ್ದದ್ದೆಲ್ಲ ಎಡಕ್ಕೆ ಬಂದು ಅಂಟ್ಕೊಂಡಿತು. ನುಡಿಸಿದ್ರು. ಹಾಡೋಳು ಕೂತಲ್ಲೇ ಎದ್ದು ನಿಂತ್ಲು. ನನಗೂ ರೋಮ ನಿಮಿರಿತು, ಸುಳ್ಳು ಹೇಳಲ್ಲ. ಅಂಟಿಸಿದ ಜಾಗ ಸ್ವಲ್ಪ ಎಗರ್ತಿದೆ, ಏನಾದ್ರೂ ನುಡಿಸಿ ಮುಚ್ಚಬಹುದಾ ಅಂದ್ರು. ಬೇಸ್ ಇನ್ನೂ ಕೊರಳಲ್ಲೇ ಇತ್ತು. ಎರಡನೇ ಟೇಕ್‌ಗೆ ಕೂತಿತು.

ಇನ್ನಿಬ್ಬರಿಗೆ ಹೇಳ್ಬೇಕಲ್ಲ ಅಂತ ನಾನು ಅಂದ್ಕೊಂಡೆ, ಅವಳು ಹೇಳ್ತಾಳೆ ಅಂತ. ಅವಳು ಅಂದ್ಕೊಂಡ್ಲು, ನಾನು ಹೇಳ್ತೀನಿ ಅಂತ. ಪ್ರೊಡ್ಯೂಸರ್ ಅಂದ್ಕೊಂಡ್ರು, ಬ್ಯಾಂಡ್ ಒಪ್ಪಿದೆ ಅಂತ. ಸ್ಯಾಂಪಲ್ ಹಾಕಿದ್ದು ಮಾತ್ರ ನಮಗೂ ಫೈಲ್ ಬಂದಾಗ್ಲೇ ಗೊತ್ತಾಗಿದ್ದು.

ಎಡಗೈಪೆಟ್ಟು

ಹೋಗಿ ಹೇಳು. ಗ್ರೂಪಲ್ಲಿ ಬರೀಬೇಡ, ಮುಖ ನೋಡಿ ಹೇಳು.

ಅಪಸ್ವರಾನಂದ

ನಾನು ತಮಾಷೆಗೆ ಬೇಸ್‌ನೋರ ಕತೆ ಹೇಳಿದ್ದು ಮಾರಾಯ. ಇದು ಹಿಂಗೆ ಬಂದು ಬೀಳುತ್ತೆ ಅಂತ ಯಾರಿಗೆ ಗೊತ್ತಿತ್ತು. ಸಾರವೆ ಮಾತು ವಾಪಸ್ ತಗೊಳ್ತೀನಿ, ಸಾರವೆ ಬಿಚ್ಚುವಾಗ್ಲೂ ಮೇಲೆ ಯಾರಾದ್ರೂ ನಿಂತಿದಾರಾ ಅಂತ ನೋಡ್ಬೇಕು.

ಮಂದ್ರತಂತಿ

ಏನಾಯ್ತು ಅಂತ ಕೆಲವರು ಕೇಳಿದ್ರಿ.

ಪ್ರಾಕ್ಟೀಸ್ ಕೋಣೆಗೇ ಕರೆಸಿದೆ. ಮೊದಲು ಫೇಡರ್ ಸರ್ ಹೇಳಿದಂಗೆ ಎರಡೂ ಫೈಲ್ ಒಂದೇ ಮಟ್ಟಕ್ಕೆ ತಂದು ಹಾಕಿದೆ. ಹೊಸದು ನಾನು ಅಂದ್ಕೊಂಡಷ್ಟು ದೊಡ್ಡದಾಗಿ ಕೇಳಿಸ್ಲಿಲ್ಲ, ಆದ್ರೂ ನನಗೆ ಹೊಸದೇ ಇಷ್ಟ. ಅದನ್ನ ಹೇಳಿದೆ. ಆಮೇಲೆ ಆ ದಿನದ್ದೂ ಹೇಳಿದೆ. ಹಾಡೋಳು ನೆಲ ನೋಡ್ತಿದ್ಲು.

ಡ್ರಮ್ಮರ್ ಅಂದ: "ಗೊತ್ತಿತ್ತು. ಮೊದಲ ಸಲ ಕೇಳಿದಾಗ್ಲೇ ಆ ಜಾರು ಹಿಡಿದೆ. ನೀನು ಯಾವತ್ತು ಹೇಳ್ತೀಯ ಅಂತ ಕಾಯ್ತಿದ್ದೆ." ಪ್ರಾಕ್ಟೀಸ್‌ಗೆ ಬರದೇ ಇದ್ದದ್ದು ಸ್ಯಾಂಪಲ್‌ಗೆ ಮಾತ್ರ ಅಲ್ಲ ಅಂತ ಆಗ ಅರ್ಥ ಆಯ್ತು.

ಅವನ ಎಡಗೈ ವಾಪಸ್ ಬಂದಿದೆ. ಪ್ರೊಡ್ಯೂಸರ್‌ಗೆ ಫೋನ್ ಮಾಡಿ ಮೂಲ ಸ್ನೇರ್ ಕೆಳಗಿಂದ ಏರಿಸಿ ಅಂದಿದ್ದಕ್ಕೆ "ಇಷ್ಟೇನಾ, ಅವತ್ತೇ ಹೇಳೋದಲ್ವಾ" ಅಂದ್ರು. ಸಂಜೆಗೆ ಹೊಸ ಮಿಕ್ಸ್ ಬಂತು. ಚರಣದಲ್ಲಿ ನನ್ನ ಬೇಸ್‌ಗೂ ಈಗ ಕೂರೋಕೆ ಜಾಗ ಸಿಕ್ಕಿದೆ. ಅದು ಕಳೆದುಹೋಗಿತ್ತು ಅಂತ ನನಗೇ ತಿಳಿದಿರ್ಲಿಲ್ಲ, ಎಡಗೈಪೆಟ್ಟು ಸರ್, ನೀವು ಬೈದಿದ್ದು ಸರಿ.

ಗಿಟಾರ್‌ನವನು ಬೈಲಿಲ್ಲ. ಪೆಡಲ್‌ಗಳ ತಂತಿ ಒಂದೊಂದೇ ಬಿಚ್ಚಿ, ಸುತ್ತಿ, ಬ್ಯಾಗಿಗೆ ಹಾಕಿದ. ಬಾಗಿಲ ಹತ್ರ ನಿಂತು, ಆ 16 ಬಾರ್‌ನ ಮೂಲ ಟ್ರ್ಯಾಕ್ ಕಳಿಸು, ನನ್ನದು ಮಾತ್ರ, ಬೇರೆ ಯಾರದ್ದೂ ಬೇಡ ಅಂದ. ಅವತ್ತು ರಾತ್ರಿನೇ ಲಿಂಕ್ ಕಳಿಸಿದೆ. ಒಂದು ಸಲ ಡೌನ್‌ಲೋಡ್ ಆಗಿದೆ ಅಂತ ತೋರಿಸ್ತಿದೆ. ಉತ್ತರ ಇನ್ನೂ ಬಂದಿಲ್ಲ. ಹಾಡಿನ ಬಿಡುಗಡೆ ದಿನಾಂಕ ಮುಂದಕ್ಕೆ ಹಾಕಿದೀವಿ. ಈ ಸಲ ಹಾಡೋಳೇ ಹೇಳಿದ್ದು, ಅವನು ಬರ್ಲಿ ಅಂತ.